ಸಂಬಳ ಬಂತು, ವೇಳಾಪಟ್ಟಿ ಬದಲಾಗಲಿಲ್ಲ

ಕಳೆದ ಡಿಸೆಂಬರಿನಲ್ಲಿ ಶಿವಮೊಗ್ಗಕ್ಕೆ ಹೋಗಿದ್ದಾಗ ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟು ಕೇಳಿದರು: "ಅಲ್ಲ ಕಣೇ, ಕಾಲೇಜು ಹುಡುಗರಿಗೆ ಆಟ ಆಡಿದ್ದಕ್ಕೆ ಕೋಟಿಗಟ್ಟಲೆ ಕೊಡ್ತಾರಂತಲ್ಲ ನಿಮ್ಮ ಅಮೆರಿಕದಲ್ಲಿ? ಹಾಗಾದ್ರೆ ಓದೋರು ಯಾರು?"

ಕೇಳಿದ್ದು ಸರಿಯಾದವಳನ್ನೇ. ಅಲ್ಲಿನ ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕ್ರೀಡಾಪಟುಗಳ ಓದಿನ ಸಲಹೆಗಾರ್ತಿ ನಾನು. ಯಾವ ಸೆಮಿಸ್ಟರಿಗೆ ಯಾವ ವಿಷಯ, ಎಷ್ಟು ಕ್ರೆಡಿಟ್, ಪಂದ್ಯದ ದಿನ ಪರೀಕ್ಷೆ ಬಿದ್ದರೆ ಏನು ಮಾಡುವುದು, ಇದೇ ದಿನವಿಡೀ ನನ್ನ ಗೋಳು. ಆದರೂ ಅವರಿಗೆ ಥಟ್ಟನೆ ಉತ್ತರ ಕೊಡಲಾಗಲಿಲ್ಲ.

ಮೊದಲು ಒಂದು ಮಾತು. ಅಲ್ಲಿನ ಕಾಲೇಜು ಆಟವನ್ನು ನಮ್ಮ ಅಂತರ ಕಾಲೇಜು ಪಂದ್ಯಾವಳಿಯ ಹಾಗೆ ಊಹಿಸಿಕೊಳ್ಳಬೇಡಿ. ಪ್ರತಿ ಮಾರ್ಚ್‌ನಲ್ಲಿ ನಡೆಯುವ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಟಿವಿ ಹಕ್ಕು 2010ರಲ್ಲಿ 14 ವರ್ಷಕ್ಕೆ 1,080 ಕೋಟಿ ಡಾಲರಿಗೆ ಹೋಯಿತು. ಹಲವು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳದ ಸರ್ಕಾರಿ ನೌಕರ ಗವರ್ನರ್ ಅಲ್ಲ, ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕೋಚ್. ಇಷ್ಟೆಲ್ಲ ದುಡ್ಡು ಹರಿಯುವಲ್ಲಿ ಆಡುವವರಿಗೆ ಸಿಗುತ್ತಿದ್ದದ್ದು ಫೀಸು, ಊಟ, ವಸತಿ. "ನಿಮಗೆ ಉಚಿತವಾಗಿ ಶಿಕ್ಷಣ ಕೊಡುತ್ತಿದ್ದೇವಲ್ಲ" ಎಂಬುದು ಕ್ರೀಡಾ ಆಡಳಿತ ಮಂಡಳಿಯಾದ ಎನ್‌ಸಿಎಎಯ ಬಾಯಿಪಾಠ.

'ಸ್ಟೂಡೆಂಟ್-ಅಥ್ಲೀಟ್' ಎಂಬ ಪದವನ್ನು ಗಮನಿಸಿ. ಕೇಳಲು ಹಿತವಾಗಿದೆ, ಹುಟ್ಟಿದ್ದು ಮಾತ್ರ ವಕೀಲರ ಕೋಣೆಯಲ್ಲಿ. 1955ರಲ್ಲಿ ಕೊಲೊರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ಆಟಗಾರ ರೇ ಡೆನಿಸನ್ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡ. ಹೆಂಡತಿ ಕಾರ್ಮಿಕರಿಗೆ ಸಲ್ಲುವ ಪರಿಹಾರ ಕೇಳಿದಳು. ಅವನು ನೌಕರನಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ತೀರ್ಪು ಕೊಟ್ಟಿತು. ಇಂಥ ದಾವೆಗಳ ಭಯದಿಂದಲೇ ಆ ಪದ ಹೊಸೆದೆವು ಎಂದು ಎನ್‌ಸಿಎಎಯನ್ನು ದಶಕಗಳ ಕಾಲ ನಡೆಸಿದ ವಾಲ್ಟರ್ ಬೈಯರ್ಸ್ ನಿವೃತ್ತರಾದ ಮೇಲೆ ತಾವೇ ಬರೆದುಕೊಂಡರು.

ಮುಂದಿನ ಕೋರ್ಟು ಕಥೆ ಉದ್ದ, ಚುಟುಕಾಗಿ ಹೇಳುತ್ತೇನೆ. 2021ರ ಜೂನ್‌ನಲ್ಲಿ, ಓದಿಗೆ ಸಂಬಂಧಿಸಿದ ಸವಲತ್ತುಗಳಿಗೆ ಎನ್‌ಸಿಎಎ ಹಾಕಿದ್ದ ಮಿತಿಯನ್ನು ಆಟಗಾರರು ಪ್ರಶ್ನಿಸಿದ ಆಲ್‌ಸ್ಟನ್ ಪ್ರಕರಣದಲ್ಲಿ, ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಮರುವಾರವೇ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರು, ಮುಖ, ಗುರುತು ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು ಎಂದಾಯಿತು, ಅದೇ ಎನ್‌ಐಎಲ್. ಆಮೇಲೆ 2025ರ ಜೂನ್ 6ರಂದು, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಪ್ರಕರಣದ ರಾಜಿಗೆ ಕೋರ್ಟು ಒಪ್ಪಿಗೆ ಕೊಟ್ಟಿತು. ಹಳೆಯ ಆಟಗಾರರಿಗೆ 10 ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್; ಈಗಿನವರಿಗೆ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷಕ್ಕೆ ಒಂದೊಂದು ವಿಶ್ವವಿದ್ಯಾಲಯಕ್ಕೆ ಒಟ್ಟು ಸುಮಾರು 2.05 ಕೋಟಿ ಡಾಲರ್ ಮಿತಿ. ತಮಾಷೆ ನೋಡಿ, ಪ್ರಕರಣಕ್ಕೆ ಹೆಸರು ಕೊಟ್ಟ ಗ್ರಾಂಟ್ ಹೌಸ್ ಈಜುಗಾರ. ದುಡ್ಡಿನ ಬಹುಪಾಲು ಮಾತ್ರ ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲಿಗೆ.

ಇನ್ನು ಚಿಕ್ಕಪ್ಪನ ಪ್ರಶ್ನೆ. ದುಡ್ಡು ಬಂದು ಓದು ಕೆಟ್ಟಿತೇ? ನನ್ನ ಮೇಜಿನಿಂದ ಕಾಣುವುದು ಬೇರೆ. ಓದು ಕೆಟ್ಟಿದ್ದರೆ ಅದು ಬಿಡಿಗಾಸು ಬರುವ ಮೊದಲೇ ಕೆಟ್ಟಿತ್ತು, ಕೆಡಿಸಿದ್ದು ವೇಳಾಪಟ್ಟಿ.

ನಿಯಮದ ಪ್ರಕಾರ ಸೀಸನ್ನಿನಲ್ಲಿ ವಾರಕ್ಕೆ 20 ಗಂಟೆ ಮಾತ್ರ ಆಟ. ಕೇಳಲು ಎಷ್ಟು ಚೆಂದ! ಆದರೆ ಪಂದ್ಯದ ದಿನ ಬೆಳಗಿನಿಂದ ರಾತ್ರಿಯವರೆಗೆ ನಡೆದರೂ ಲೆಕ್ಕಕ್ಕೆ ಬರೆಯುವುದು ಮೂರೇ ಗಂಟೆ. ಪ್ರಯಾಣ ಲೆಕ್ಕಕ್ಕಿಲ್ಲ. ಮಂಡಿಗೆ ಐಸ್ ಕಟ್ಟಿಸಿಕೊಂಡು ಕೂತದ್ದು ಲೆಕ್ಕಕ್ಕಿಲ್ಲ. 'ಸ್ವಇಚ್ಛೆಯ' ಕಸರತ್ತು ಲೆಕ್ಕಕ್ಕಿಲ್ಲ, ತಪ್ಪಿಸಿಕೊಂಡರೆ ಮಾತ್ರ ಕೋಚ್ ಮುಖ ಗಂಟಿಕ್ಕುತ್ತಾರೆ. 2024ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಅಟ್ಲಾಂಟಿಕ್ ತೀರದ ಲೀಗಿಗೆ ಸೇರಿಕೊಂಡವು. ಟಿವಿ ಹಣದ ಲೆಕ್ಕಾಚಾರ ಅದು. ವಾಲಿಬಾಲ್ ಹುಡುಗಿಯರು ಖಂಡ ದಾಟಿ ಆಡಿ ಬಂದು ಬೆಳಿಗ್ಗೆ ಕ್ಲಾಸಿಗೆ ಕೂರಬೇಕು.

ಇದಕ್ಕಿಂತ ಸೂಕ್ಷ್ಮವಾದ ಉರುಳು ಇನ್ನೊಂದಿದೆ. ಆಡಲು ಅರ್ಹನಾಗಿರಬೇಕಾದರೆ ಎರಡನೇ ವರ್ಷ ಮುಗಿಯುವಷ್ಟರಲ್ಲಿ ಪದವಿಯ ಶೇ 40, ಮೂರನೆಯದಕ್ಕೆ ಶೇ 60, ನಾಲ್ಕನೆಯದಕ್ಕೆ ಶೇ 80 ಮುಗಿದಿರಬೇಕು. ಓದನ್ನು ಕಾಪಾಡಲೆಂದೇ ಮಾಡಿದ ನಿಯಮ. ನಡೆಯುವುದು ಹೀಗೆ: ಹುಡುಗ ಇಂಜಿನಿಯರಿಂಗ್ ಮಾಡಬೇಕೆಂದು ಬರುತ್ತಾನೆ. ಲ್ಯಾಬ್ ಮಧ್ಯಾಹ್ನ ಎರಡಕ್ಕೆ, ಪ್ರಾಕ್ಟೀಸೂ ಎರಡಕ್ಕೆ. ತಂಡದವರೆಲ್ಲ ಇರುವ, ಬೆಳಿಗ್ಗೆಯೇ ಮುಗಿಯುವ ಕೋರ್ಸಿಗೆ ಅವನನ್ನೂ ಸೇರಿಸುತ್ತೇವೆ. ನಾನೂ ಸೇರಿಸಿದ್ದೇನೆ, ಹೆಮ್ಮೆಯಿಂದ ಹೇಳುತ್ತಿಲ್ಲ. ಎರಡು ವರ್ಷ ಬಿಟ್ಟು "ಮೇಡಂ, ನನಗಿದು ಬೇಡ" ಅಂದರೆ ಹೊಸ ಪದವಿಗೆ ಹಳೆಯ ಕ್ರೆಡಿಟ್‌ಗಳು ಹೊಂದುವುದಿಲ್ಲ, ಶೇ 40 ಇದ್ದದ್ದು ಶೇ 22 ಆಗುತ್ತದೆ, ಆಟ ಹೋಗುತ್ತದೆ. ಬೇಡದ ಪದವಿಯನ್ನೇ ಮುಗಿಸುತ್ತಾನೆ. ಅಂಕಿಅಂಶದಲ್ಲಿ ಅವನು ನಮ್ಮ ಯಶಸ್ಸು!

ಸಂಬಳವೇ ಇಲ್ಲದ ಕಾಲದಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಏನಾಯಿತು ಗೊತ್ತೇ? ಪಾಠವೇ ನಡೆಯದ, ಒಂದು ಪ್ರಬಂಧ ಕೊಟ್ಟರೆ ಒಳ್ಳೆಯ ಗ್ರೇಡ್ ಸಿಗುವ ಕ್ಲಾಸುಗಳು 18 ವರ್ಷ ನಡೆದವು. 2014ರ ತನಿಖಾ ವರದಿಯ ಪ್ರಕಾರ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು, ಅವರಲ್ಲಿ ಅರ್ಧದ ಹತ್ತಿರ ಕ್ರೀಡಾಪಟುಗಳು. ಆ ಕ್ಲಾಸುಗಳು ಬೇರೆ ವಿದ್ಯಾರ್ಥಿಗಳಿಗೂ ತೆರೆದಿದ್ದವು ಎಂಬ ಕಾರಣಕ್ಕೆ ಎನ್‌ಸಿಎಎ 2017ರಲ್ಲಿ ವಿಶ್ವವಿದ್ಯಾಲಯಕ್ಕೆ ದಂಡ ಹಾಕದೆ ಕೈಬಿಟ್ಟಿತು. ಶಿಕ್ಷಣವೇ ಸಂಬಳ ಎನ್ನುತ್ತಿದ್ದವರು ಕೊಟ್ಟದ್ದು ಖೋಟಾ ನೋಟು.

ಹಾಗೆಂದು ದುಡ್ಡಿನಿಂದ ತೊಂದರೆ ಇಲ್ಲವೆಂದಲ್ಲ. ಕೈಗೆ ಬಂದ ಎನ್‌ಐಎಲ್ ಹಣದಲ್ಲಿ ಕಾರು ಕೊಂಡು, ಏಪ್ರಿಲ್‌ನಲ್ಲಿ ತೆರಿಗೆ ಕಟ್ಟಬೇಕೆಂದು ಗೊತ್ತಾದಾಗ ಕಣ್ಣೀರು ಹಾಕಿದವರು ನನ್ನ ಮುಂದೆ ಕೂತಿದ್ದಾರೆ. ಅದಕ್ಕಿಂತ ದೊಡ್ಡ ಪೆಟ್ಟು ವರ್ಗಾವಣೆಯದು. ಹೆಚ್ಚು ಕೊಡುವ ಕಡೆಗೆ ಪ್ರತಿ ವರ್ಷ ಗಂಟುಮೂಟೆ ಕಟ್ಟಿದರೆ, ಮೂರನೇ ವಿಶ್ವವಿದ್ಯಾಲಯಕ್ಕೆ ಬರುವಷ್ಟರಲ್ಲಿ ಅರ್ಧ ಕ್ರೆಡಿಟ್ ದಾರಿಯಲ್ಲೇ ಉದುರಿರುತ್ತದೆ. ಆದರೆ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಡುವ ನೂರರಲ್ಲಿ ಅಲ್ಲಿನ ಅತಿ ದೊಡ್ಡ ವೃತ್ತಿಪರ ಲೀಗ್ ಮುಟ್ಟುವವರು ಇಬ್ಬರಿಗಿಂತ ಕಡಿಮೆ. ಇಪ್ಪತ್ತರ ವಯಸ್ಸಿನಲ್ಲಿ ನಾಲ್ಕು ಕಾಸು ಮಾಡಿಕೊಳ್ಳುವ ಅವಕಾಶ ಬಂದರೆ ಬೇಡವೆನ್ನಲು ನಾನ್ಯಾರು?

ಬೆಂಗಳೂರಿನಿಂದ ಟೆನಿಸ್ ಸ್ಕಾಲರ್‌ಶಿಪ್ಪಿಗೆ ಮಕ್ಕಳನ್ನು ಕಳಿಸುವ ಅಪ್ಪ-ಅಮ್ಮಂದಿರಿಗೆ ಒಂದು ಎಚ್ಚರಿಕೆ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಅನುಮತಿಯಿಲ್ಲದೆ ಕ್ಯಾಂಪಸ್ಸಿನ ಹೊರಗೆ ದುಡಿಯುವಂತಿಲ್ಲ. ಶೂ ಕಂಪನಿಗಾಗಿ ಇನ್‌ಸ್ಟಾಗ್ರಾಂನಲ್ಲಿ ಒಂದು ಪೋಸ್ಟ್ ಹಾಕಿ ದುಡ್ಡು ಪಡೆದರೂ ವೀಸಾಕ್ಕೆ ಕುತ್ತು ಬರಬಹುದು. ಪಕ್ಕದ ಅಮೆರಿಕನ್ ಹುಡುಗಿ ಮಾಡುತ್ತಾಳೆಂದು ಮಾಡಬೇಡಿ. ಕೋಚ್ "ಏನಾಗಲ್ಲ" ಅಂದರೂ ವಲಸೆ ವಕೀಲರನ್ನು ಕೇಳಿ.

ಕೋಟಿಗಳ ಸುದ್ದಿಯ ನಡುವೆ ಯಾರೂ ಗಮನಿಸದ ಒಂದು ನಿಯಮ 2024ರ ಆಗಸ್ಟ್‌ನಲ್ಲಿ ಬಂತು. ಪೂರ್ತಿ ಸ್ಕಾಲರ್‌ಶಿಪ್ಪಿನಲ್ಲಿ ಆಡಿದವರಿಗೆ, ಆಟದ ಅರ್ಹತೆ ಮುಗಿದ ಹತ್ತು ವರ್ಷದೊಳಗೆ ಬಂದರೆ, ಪದವಿ ಮುಗಿಸಲು 'ಡಿವಿಷನ್ 1', ಅಂದರೆ ಕಾಲೇಜು ಆಟದ ಅತಿ ಮೇಲಿನ ಹಂತದ ವಿಶ್ವವಿದ್ಯಾಲಯಗಳು ಹಣ ಕೊಡಬೇಕು. ನನ್ನ ಮಟ್ಟಿಗೆ 2.05 ಕೋಟಿಗಿಂತ ಇದು ದೊಡ್ಡದು. ಆಡುವಾಗ ಆಡಲಿ, ದುಡಿಯಲಿ. ಓದಿನ ಬಾಕಿಯನ್ನು ಬಿಡುವಾದಾಗ ಬಂದು ವಸೂಲಿ ಮಾಡಿಕೊಳ್ಳಲಿ.

ಕಳೆದ ಸೆಮಿಸ್ಟರಿನಲ್ಲಿ ಹಾಗೆ ಒಬ್ಬ ಬಂದ. ಇಪ್ಪತ್ತೊಂಬತ್ತು ವಯಸ್ಸು, ಒಂದು ಮಗು, ಎರಡು ಸಲ ಆಪರೇಷನ್ ಆದ ಮಂಡಿ. ನಾನು ಪಟ್ಟಿ ತೆಗೆಯುವ ಮೊದಲೇ ಮಧ್ಯಾಹ್ನ ಎರಡು ಗಂಟೆಯ ಲ್ಯಾಬ್ ಇದೆಯಾ ಎಂದು ಕೇಳಿದ. ಇತ್ತು, ಸೇರಿಸಿದೆ. ಮೊದಲ ಕ್ವಿಜ್‌ನಲ್ಲಿ ಇಪ್ಪತ್ತಕ್ಕೆ ಒಂಬತ್ತು ಬಂತು. ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವಷ್ಟರಲ್ಲಿ ಕಾರಿಡಾರಿನಲ್ಲಿ ಕೂತಿದ್ದ, ಟ್ಯೂಟರ್ ಬೇಕಂತೆ.