ಸೈಕಾಲಜಿ ಸೇರುವ ಮೊದಲು ಲ್ಯಾಬ್ ನೋಡಿ

ಅಡ್ಮಿಷನ್ ಸಮಯದಲ್ಲಿ ಎರಡು ಮಾತು ನನ್ನ ಕಿವಿಗೆ ಬಿದ್ದೇ ಬೀಳುತ್ತವೆ. "ಮೇಡಂ, ಜನರ ಮನಸ್ಸು ಓದೋದು ಕಲೀಬೇಕು" ಎನ್ನುತ್ತಾರೆ ಮಕ್ಕಳು. "ಇದು ಮುಗಿಸಿದ್ರೆ ಕೌನ್ಸೆಲರ್ ಆಗ್ಬಹುದಲ್ವಾ?" ಎನ್ನುತ್ತಾರೆ ಅಪ್ಪ ಅಮ್ಮ. ಡಿಗ್ರಿಯ ಸೈಕಾಲಜಿಯಲ್ಲಿ ಇವೆರಡೂ ಇಲ್ಲ. ಇಲ್ಲಿ ಕಲಿಯುವುದು ಬಹುಪಾಲು ಅಳೆಯುವುದನ್ನು.

ಈ ವಿಷಯ ಹುಟ್ಟಿದ್ದೇ ಹಾಗೆ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಎಂಬ ಪ್ರೊಫೆಸರ್ ಸೈಕಾಲಜಿ ಲ್ಯಾಬ್ ತೆರೆದಾಗ ಅಲ್ಲಿ ಸೋಫಾ ಇರಲಿಲ್ಲ, ಕಾಲ ಅಳೆಯುವ ಯಂತ್ರಗಳಿದ್ದವು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ವಿಭಾಗ ಶುರುವಾಯಿತು. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಲಂಡನ್‌ನಲ್ಲಿ ಸ್ಪಿಯರ್‌ಮನ್ ಎಂಬ ಮನೋವಿಜ್ಞಾನಿಯ ಬಳಿ ಓದಿ ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 'ಆಕಾಶವಾಣಿ' ರೇಡಿಯೊ ಶುರು ಮಾಡಿದವರೂ ಇವರೇ. ಉಪಕರಣಗಳ ಹುಚ್ಚು ಆ ಕಾಲದ ಸೈಕಾಲಜಿ ಮೇಷ್ಟ್ರುಗಳಿಗೆ ಸ್ವಲ್ಪ ಜಾಸ್ತಿಯೇ ಇದ್ದಿರಬೇಕು.

ನಮ್ಮ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಇಬ್ಬಿಬ್ಬರ ಜೋಡಿ. ಒಬ್ಬರು ಪ್ರಯೋಗ ಮಾಡುವವರು, ಇನ್ನೊಬ್ಬರು ಪ್ರಯೋಗಕ್ಕೆ ಒಳಗಾಗುವವರು. ನನಗೆ ಇಷ್ಟವಾದದ್ದು ಮಿರರ್ ಡ್ರಾಯಿಂಗ್. ಎರಡು ಗೆರೆಯ ನಕ್ಷತ್ರ, ಅದರ ಹಿಂದೆ ಒಂದು ಕನ್ನಡಿ, ಕೈ ನೇರವಾಗಿ ಕಾಣದಂತೆ ಒಂದು ಅಡ್ಡ ಹಲಗೆ. ಕನ್ನಡಿಯಲ್ಲಿ ನೋಡುತ್ತಲೇ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೇಲೆ ಹೋಗಬೇಕು ಅಂದುಕೊಂಡರೆ ಕೈ ಕೆಳಗೆ ಹೋಗುತ್ತದೆ. ಕ್ಲಾಸಿನ ಜಾಣ ಹುಡುಗನೂ ಮೂಲೆಯಲ್ಲಿ ಸಿಕ್ಕಿಕೊಂಡು ಬೆವರುತ್ತಾನೆ. ಮೊದಲು ಎಡಗೈಯಲ್ಲಿ ಒಂದು ಸಲ, ಆಮೇಲೆ ಬಲಗೈಯಲ್ಲಿ ಹಲವು ಸಲ, ಕೊನೆಗೆ ಮತ್ತೆ ಎಡಗೈ. ಪ್ರತಿ ಸಲವೂ ಎಷ್ಟು ಸೆಕೆಂಡ್, ಎಷ್ಟು ತಪ್ಪು ಅಂತ ಬರೆದುಕೊಳ್ಳಬೇಕು. ಅಭ್ಯಾಸ ಮಾಡಿದ್ದು ಬಲಗೈ, ಆದರೆ ಎಡಗೈಯೂ ಸಾಮಾನ್ಯವಾಗಿ ಸುಧಾರಿಸಿರುತ್ತದೆ.

ಇಲ್ಲಿ ನಾನು ಒಂದು ಪ್ರಶ್ನೆ ಹಾಕುತ್ತೇನೆ: ಎಡಗೈ ಸುಧಾರಿಸಿದ್ದು ಬಲಗೈಯ ಅಭ್ಯಾಸದಿಂದಲೇ ಅಂತ ಹೇಗೆ ಹೇಳ್ತೀರಿ? ಎಡಗೈಯೇ ಮೊದಲು ಒಂದು ಸಲ ಮಾಡಿತ್ತಲ್ವಾ? ಹಾಗಾದರೆ ನಡುವೆ ಸುಮ್ನೆ ಕೂತವರನ್ನೂ ಅಳೆಯಬೇಕು. ಇಂಥ ಹೋಲಿಕೆಯ ಗುಂಪು, ಅಂದರೆ ಕಂಟ್ರೋಲ್ ಗ್ರೂಪ್, ಯಾಕೆ ಬೇಕು ಅನ್ನುವುದು ಪುಸ್ತಕಕ್ಕಿಂತ ಚೆನ್ನಾಗಿ ಇಲ್ಲಿ ತಲೆಗೆ ಹೋಗುತ್ತದೆ.

ಇನ್ನೊಂದು ರೋಗವೂ ಇಲ್ಲೇ ಶುರು. ತಪ್ಪುಗಳ ಗ್ರಾಫ್ ಚೆಂದವಾಗಿ ಇಳಿಯಲಿ ಅಂತ ಕೆಲವರು ಅಂಕಿಗಳನ್ನು ತಿದ್ದಿಬಿಡುತ್ತಾರೆ. ನಿಜವಾದ ಮನುಷ್ಯರ ಗ್ರಾಫ್ ಹಾಗೆ ಇಳಿಯುವುದಿಲ್ಲ. ನಡುವೆ ಒಮ್ಮೆ ಬೇಸರ ಬಂದು ತಪ್ಪುಗಳು ಏರುತ್ತವೆ. ನಯವಾದ ಗೆರೆ ಕಂಡರೆ ಹೊರಗಿನಿಂದ ಬರುವ ಪರೀಕ್ಷಕರಿಗೆ ಮೊದಲ ಪುಟದಲ್ಲೇ ಅನುಮಾನ ಬರುತ್ತದೆ. ರೆಕಾರ್ಡ್ ಬುಕ್‌ನಲ್ಲಿ ಅಂಕಿ ತಿದ್ದುವವರು ಮುಂದೆ ರೋಗಿಯ ಫೈಲ್‌ನಲ್ಲಿ ಏನು ಬರೆಯುತ್ತಾರೋ ಅಂತ ನನಗೆ ಭಯ.

ಸ್ಟ್ಯಾಟಿಸ್ಟಿಕ್ಸ್ ಇದ್ದೇ ಇರುತ್ತದೆ. ಆರ್ಟ್ಸ್‌ನಿಂದ ಬಂದ ಮಕ್ಕಳು ಹೆದರುವುದು ಬೇಡ, ಕೂಡಿಸಿ ಭಾಗಿಸಲು ಬಂದರೆ ಉಳಿದದ್ದು ಅಭ್ಯಾಸ. ಇನ್ನು, ಲ್ಯಾಬ್ ಬೀರುವಿನ ಪರ್ಸನಾಲಿಟಿ ಟೆಸ್ಟನ್ನು ಮನೆಗೆ ಒಯ್ದು ಅತ್ತಿಗೆಗೆ ಕೊಟ್ಟು "ನಿಮಗೆ ಆಂಗ್ಸೈಟಿ ಇದೆ" ಅನ್ನುವ ಹಾಗಿಲ್ಲ. ಪ್ರತಿ ಬ್ಯಾಚ್‌ಗೂ ಇದನ್ನು ಹೇಳುತ್ತೇನೆ. ಆದರೂ ಯಾರೋ ಒಬ್ಬರು ಮಾಡೇ ಮಾಡುತ್ತಾರೆ.

ಕೆಲಸದ ಮಾತಿಗೆ ಬಂದರೆ, ಬಿಎ ಸೈಕಾಲಜಿ ಮುಗಿಸಿದ ಮಾತ್ರಕ್ಕೆ ಚಿಕಿತ್ಸೆ ಕೊಡಲು ಬರುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು 1992ರ ಕಾಯ್ದೆಯ ಪ್ರಕಾರ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಬೇಕು. ಅದಕ್ಕೆ ಆ ಮಂಡಳಿ ಒಪ್ಪಿದ ಕೋರ್ಸನ್ನೇ ಓದಬೇಕು. ಇಂಥ ಕೋರ್ಸ್‌ಗಳಲ್ಲಿ ಒಂದಾದ ಎಂಫಿಲ್ ಸುತ್ತಲಿನ ನಿಯಮಗಳು ಇತ್ತೀಚೆಗೆ ಬದಲಾಗುತ್ತಿವೆ, ಹಾಗಾಗಿ ಸೀನಿಯರ್‌ಗಳ ಮಾತು ನಂಬದೆ ಮಂಡಳಿಯ ಪ್ರಕಟಣೆಯನ್ನೇ ನೋಡಿ. ಸೈಕಿಯಾಟ್ರಿಸ್ಟ್ (ಮನೋವೈದ್ಯ) ಆಗಬೇಕಾದರೆ ದಾರಿಯೇ ಬೇರೆ, ಎಂಬಿಬಿಎಸ್‌ನಿಂದ ಶುರು ಮಾಡಬೇಕು. ದೂರಶಿಕ್ಷಣದಲ್ಲಿ ಓದೋಣ ಅಂದರೆ, 2025ರ ಜುಲೈ-ಆಗಸ್ಟ್‌ನಿಂದ ಯುಜಿಸಿ ಸೈಕಾಲಜಿಗೆ ಅದನ್ನು ನಿಲ್ಲಿಸಿದೆ.

ಆದ್ದರಿಂದ ಕಾಲೇಜು ನೋಡಲು ಹೋದಾಗ ಫಲಿತಾಂಶದ ಫ್ಲೆಕ್ಸ್ ಬಿಟ್ಟು ಲ್ಯಾಬ್ ತೆರೆಸಿ. ವಾರಕ್ಕೆ ಎಷ್ಟು ಗಂಟೆ ಪ್ರಾಕ್ಟಿಕಲ್, ಒಂದು ಬ್ಯಾಚ್‌ಗೆ ಎಷ್ಟು ಮಕ್ಕಳು ಅಂತ ಕೇಳಿ. ಸಾಧ್ಯವಾದರೆ ಕಳೆದ ವರ್ಷದ ಒಂದು ರೆಕಾರ್ಡ್ ಬುಕ್ ತಿರುವಿ ಹಾಕಿ. ಎಲ್ಲರ ಗ್ರಾಫೂ ಒಂದೇ ಥರ ಇದ್ದರೆ ಬೇರೆ ಕಾಲೇಜು ನೋಡಿ.