ಟರ್ಬೋ ಕೂರ್ಸೋದು ಸುಲಭ, ಬಿಸಿ ತಡೆಯೋದೇ ಕಷ್ಟ

ಅಮೆರಿಕದಲ್ಲಿ ನಿಸಾನ್ ಕಂಪನಿಯ ಹಳೇ ಡ್ಯಾಟ್ಸನ್ 280ಝಡ್ ಕಾರ್ ಇಟ್ಕೊಂಡಿರೋರು ಒಂದಲ್ಲ ಒಂದಿನ ಇದಕ್ಕೊಂದು ಟರ್ಬೋ (ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಯಂತ್ರ) ಹಾಕ್ಸಿದ್ರೆ ಹೆಂಗೆ ಅನ್ನೋ ಯೋಚ್ನೆಗೆ ಬಂದೇ ಬರ್ತಾರೆ. 1975ರಿಂದ 78ರ ತನಕ ಬಂದ ಕಾರು ಅದು, ಒಳಗಿರೋದು ಎಲ್28 ಅನ್ನೋ ಸ್ಟ್ರೈಟ್ ಸಿಕ್ಸ್ (ಆರು ಸಿಲಿಂಡರ್ ಒಂದೇ ಸಾಲಲ್ಲಿರೋ) ಇಂಜಿನ್, 2753 ಸಿಸಿ, ಬೀಡು ಕಬ್ಬಿಣದ ಬ್ಲಾಕು, ಕ್ರ್ಯಾಂಕ್ ಹಿಡಿಯೋಕೆ ಏಳು ಮೇನ್ ಬೇರಿಂಗು, ಒಟ್ನಲ್ಲಿ ಗಟ್ಟಿ ಪಿಂಡ. ಇದೇ ಇಂಜಿನ್‌ಗೆ ನಿಸಾನ್‌ನೋರೇ 1981ರಲ್ಲಿ ಟರ್ಬೋ ಹಾಕಿ 280ಝಡ್ಎಕ್ಸ್ ಟರ್ಬೋ ಅಂತ ಮಾರಿದ್ರು. ಎರಡು ವರ್ಷ ಮುಂಚೆ ಟರ್ಬೋ ಇಲ್ದೆ ಬಂದ ಝಡ್ಎಕ್ಸ್ 135 ಹಾರ್ಸ್‌ಪವರ್ ಕೊಡ್ತಿತ್ತು, ಇದು 180. ಹಂಗಾಗಿ ಟರ್ಬೋ ತಂದು ನಾಲ್ಕು ಬೋಲ್ಟ್ ಬಿಗಿದ್ರೆ ಕೆಲ್ಸ ಮುಗೀತು ಅನ್ಸುತ್ತೆ. ಆದ್ರೆ ನಿಸಾನ್‌ನೋರು ಅಷ್ಟಕ್ಕೇ ಬಿಡ್ಲಿಲ್ಲ, 280ಝಡ್‌ನಲ್ಲಿ 8.3 ಇದ್ದ ಕಂಪ್ರೆಶನ್ ರೇಶಿಯೋನ (ಸಿಲಿಂಡರ್ ಒಳಗೆ ಪಿಸ್ಟನ್ ಮಿಶ್ರಣವನ್ನ ಎಷ್ಟು ಪಟ್ಟು ಒತ್ತುತ್ತೆ ಅನ್ನೋ ಲೆಕ್ಕ) 7.4ಕ್ಕೆ ಇಳಿಸಿದ್ರು, ಇಗ್ನಿಶನ್ ಟೈಮಿಂಗನ್ನ, ಅಂದ್ರೆ ಸ್ಪಾರ್ಕ್ ಯಾವಾಗ ಬೀಳ್ಬೇಕು ಅನ್ನೋದನ್ನ, ಕಂಪ್ಯೂಟರ್ ಕೈಗೆ ಕೊಟ್ರು. ಯಾಕೆ ಅನ್ನೋದ್ರಲ್ಲೇ ಪೂರ್ತಿ ಕಥೆ ಇದೆ.

ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರೀಬೇಕಂದ್ರೆ ಹತ್ರತ್ರ 14.7 ಕೆಜಿ ಗಾಳಿ ಬೇಕು. ಪೆಟ್ರೋಲ್ ಜಾಸ್ತಿ ಬಿಡೋದು ಕಷ್ಟ ಅಲ್ಲ, ಗಾಳಿ ಸಿಗೋದೇ ಕಷ್ಟ, ಯಾಕಂದ್ರೆ ಮಾಮೂಲಿ ಇಂಜಿನ್ ತಾನೇ ಎಳ್ಕೊಂಡಷ್ಟೇ ಗಾಳಿ ಅದಕ್ಕೆ. (ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರೋದ್ರಿಂದ ಇಲ್ಲಿ ಗಾಳಿ ಒತ್ತಡ ಮಂಗಳೂರಿಗಿಂತ ಸುಮಾರು ಶೇಕಡ 10 ಕಮ್ಮಿ, ಅಂದ್ರೆ ಟರ್ಬೋ ಇಲ್ಲದ ಕಾರು ಇಲ್ಲಿ ಅಷ್ಟು ಪವರ್ ಸುಮ್ನೆ ಕಳ್ಕೊಂಡೇ ಓಡ್ತಿದೆ, ಯಾರಿಗೂ ಗೊತ್ತಾಗಲ್ಲ ಅಷ್ಟೇ.) ಟರ್ಬೋ ಏನ್ ಮಾಡುತ್ತೆ ಅಂದ್ರೆ ಸೈಲೆನ್ಸರ್ ಕಡೆ ದಂಡವಾಗಿ ಹೋಗ್ತಿದ್ದ 800–900 ಡಿಗ್ರಿ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗ್ಸುತ್ತೆ, ಅದೇ ಶಾಫ್ಟಿನ ಇನ್ನೊಂದು ತುದಿಲಿರೋ ಚಕ್ರ ಹೊರಗಿನ ಗಾಳಿನ ಒತ್ತಿ ಇಂಜಿನ್ ಒಳಗೆ ತುಂಬುತ್ತೆ. ಶಾಫ್ಟ್ ತಿರುಗೋ ಸ್ಪೀಡು ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತೆ.

ಇಲ್ಲಿಂದಲೇ ಪೀಕಲಾಟ ಶುರು. ಸೈಕಲ್ ಪಂಪ್ ಜೋರಾಗಿ ಹೊಡೆದ್ಮೇಲೆ ಅದರ ಬುಡ ಮುಟ್ಟಿದ್ರೆ ಚುರ್ ಅನ್ನುತ್ತಲ್ಲ, ಅದೇ ಇಲ್ಲೂ ಆಗೋದು, ಗಾಳಿ ಒತ್ತಿದ್ರೆ ಬಿಸಿ ಆಗ್ಲೇಬೇಕು. ಲೆಕ್ಕ ಹಾಕಿ ನೋಡಿ. ಹೊರಗೆ 30 ಡಿಗ್ರಿ ಇದೆ, ಟರ್ಬೋ ಅರ್ಧ ಬಾರ್ ಬೂಸ್ಟ್ (ಹೊರಗಿನ ಗಾಳಿ ಒತ್ತಡಕ್ಕಿಂತ ಅಷ್ಟು ಜಾಸ್ತಿ ಒತ್ತಡ) ಕೊಡ್ತಿದೆ, ಕಂಪ್ರೆಸರ್ ಎಫಿಶಿಯೆನ್ಸಿ ಶೇಕಡ 65 ಅಂತ ಇಟ್ಕೊಳ್ಳಿ, ಆಚೆ ಬರೋ ಗಾಳಿ ಹತ್ರತ್ರ 87 ಡಿಗ್ರಿ ಇರುತ್ತೆ. ಒತ್ತಡ ಒಂದೂವರೆ ಪಟ್ಟಾಯ್ತು ನಿಜ, ಆದ್ರೆ ಬಿಸಿ ಗಾಳಿ ಹಿಗ್ಗಿರುತ್ತಲ್ಲ, ಹಂಗಾಗಿ ಒಳಗೆ ಹೋಗೋ ಗಾಳಿ ತೂಕ ಜಾಸ್ತಿ ಆಗೋದು ಶೇಕಡ 26ರಷ್ಟು ಮಾತ್ರ. ಮಧ್ಯದಲ್ಲೊಂದು ಇಂಟರ್‌ಕೂಲರ್ ಇಟ್ಟು ಅದನ್ನ 45 ಡಿಗ್ರಿಗೆ ಇಳಿಸಿದ್ರೆ ಅದೇ ಬೂಸ್ಟ್‌ಗೆ ಶೇಕಡ 43 ಸಿಗುತ್ತೆ. (ಇಂಟರ್‌ಕೂಲರ್ ಒಳಗೆ ಸ್ವಲ್ಪ ಒತ್ತಡ ಸೋರಿಹೋಗುತ್ತೆ, ಅದನ್ನ ನಾನಿಲ್ಲಿ ಹಿಡಿದಿಲ್ಲ.) ಬೂಸ್ಟ್ ಏರಿಸದೇ ಬರೀ ತಣ್ಣಗೆ ಮಾಡಿದ್ದಕ್ಕೇ ಇಷ್ಟು ಲಾಭ! 1981ರ ಝಡ್ಎಕ್ಸ್ ಟರ್ಬೋಗೆ ಇಂಟರ್‌ಕೂಲರ್ ಇರ್ಲೇ ಇಲ್ಲ, ಕಂಪ್ರೆಶನ್ ಅಷ್ಟು ಇಳಿಸಿದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ಲೆಕ್ಕ.

ಬಿಸಿ ಅಂದ್ರೆ ಪವರ್ ಕಮ್ಮಿ ಆಗೋದೊಂದೇ ಅಲ್ಲ, ನಾಕಿಂಗ್. ಸ್ಪಾರ್ಕ್ ಬಿದ್ದ ಕಡೆಯಿಂದ ಬೆಂಕಿ ಹರಡ್ತಾ ಬರ್ತಿರೋವಾಗ್ಲೇ ಮೂಲೆಲಿ ಉಳಿದಿರೋ ಮಿಶ್ರಣ ಬಿಸಿ ಒತ್ತಡ ತಾಳದೆ ತಾನೇ ಢಂ ಅಂತ ಹತ್ಕೊಂಡುಬಿಡುತ್ತೆ, ಆ ಏಟಿಗೆ ಪಿಸ್ಟನ್ ರಿಂಗ್ ಕೂರೋ ಜಾಗ ಚೂರಾಗುತ್ತೆ, ಇಲ್ಲಾಂದ್ರೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಹಳೇ ಇಂಜಿನ್ ಬೂಸ್ಟ್‌ಗೆ ಒಡೀತು ಅಂತಾರಲ್ಲ, ಮುಕ್ಕಾಲು ಪಾಲು ಸಲ ಅದು ಒಡೆಯೋದು ನಾಕಿಂಗ್‌ಗೆ. ಇದನ್ನ ತಡೆಯೋಕೆ ಎರಡು ದಾರಿ 1962ರಲ್ಲೇ ಬಂದಿದ್ವು. ಷೆವರ್ಲೆ ಕೊರ್ವೇರ್‌ನ ಆರು ಸಿಲಿಂಡರ್ ಇಂಜಿನ್‌ಗೆ ಟರ್ಬೋ ಹಾಕಿದಾಗ ಕಂಪ್ರೆಶನ್ 8ಕ್ಕೆ ಇಳಿಸಿ ಸುಮ್ನಾದ್ರು, 150 ಹಾರ್ಸ್‌ಪವರ್ ಬಂತು. ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್‌ನೋರು 10.25 ಕಂಪ್ರೆಶನ್ ಹಂಗೇ ಇಟ್ಟು ಬೂಸ್ಟ್ ಬಂದಾಗೆಲ್ಲ ನೀರು ಮೆಥನಾಲ್ ಬೆರೆಸಿದ್ದನ್ನ ಒಳಗೆ ಚಿಮುಕಿಸೋ ಏರ್ಪಾಡು ಮಾಡಿದ್ರು, ಅದರ ಟ್ಯಾಂಕ್ ಖಾಲಿ ಆದ್ರೆ ಕಾರು ತಾನೇ ಬೂಸ್ಟ್ ಕಟ್ ಮಾಡೋದು. ಜನ ತುಂಬ್ಸೋಕೆ ಮರೀತಿದ್ರು, ಕೊನೆಗೆ ಎಷ್ಟೋ ಜನ ಟರ್ಬೋನೇ ಬಿಚ್ಚಿಸಿ ಹಾಕಿದ್ರು.

ಎಲ್28ಗೆ ಅದರದ್ದೇ ಆದ ತಲೆನೋವೂ ಇದೆ. ಗಾಳಿ ಒಳಗೆ ಹೋಗೋ ಮ್ಯಾನಿಫೋಲ್ಡು ಹೊಗೆ ಆಚೆ ಬರೋ ಮ್ಯಾನಿಫೋಲ್ಡು ಎರಡೂ ಒಂದೇ ಪಕ್ಕದಲ್ಲಿ, ಒಂದರ ಕೆಳಗೊಂದು. ಅಂದ್ರೆ ಕೆಂಡ ಆಗಿರೋ ಟರ್ಬೋ ಕೂರೋದು ತಂಪಾಗಿರಬೇಕಾದ ಇನ್‌ಟೇಕ್ ಕೆಳಗೇ, ಹೀಟ್ ಶೀಲ್ಡ್ ಇಲ್ದೆ ಆಗಲ್ಲ. ಆಮೇಲೆ 280ಝಡ್‌ನ ಬಾಷ್ ಎಲ್-ಜೆಟ್ರಾನಿಕ್ ಇಂಜೆಕ್ಷನ್ (ಪೆಟ್ರೋಲ್ ಚಿಮ್ಮಿಸೋ ಏರ್ಪಾಡು) ಗಾಳಿ ಅಳೆಯೋದು ಒಂದು ಸಣ್ಣ ಬಾಗಿಲಿನಿಂದ, ಗಾಳಿ ಬಂದಷ್ಟೂ ಅದು ತೆರ್ಕೊಳ್ಳುತ್ತೆ, ಆ ಲೆಕ್ಕದ ಮೇಲೆ ಪೆಟ್ರೋಲ್. ಬೂಸ್ಟ್ ಏರ್ತಾ ಹೋದ್ರೆ ಬಾಗಿಲು ಪೂರ್ತಿ ತೆರೆದು ನಿಂತುಬಿಡುತ್ತೆ, ಗಾಳಿ ಇನ್ನೂ ಬರ್ತಾನೇ ಇರುತ್ತೆ, ಕಂಪ್ಯೂಟರ್‌ಗೆ ಗೊತ್ತೇ ಆಗಲ್ಲ, ಪೆಟ್ರೋಲ್ ಕಮ್ಮಿ ಬಿದ್ದು ಮತ್ತೆ ಅದೇ ನಾಕಿಂಗ್. ಸಿಲಿಂಡರ್‌ಗಳಿಗೆ ಸ್ಪಾರ್ಕ್ ಹಂಚೋ ಡಿಸ್ಟ್ರಿಬ್ಯೂಟರ್‌ಗಂತೂ ಬೂಸ್ಟ್ ಅಂದ್ರೇನು ಅಂತಾನೇ ಗೊತ್ತಿಲ್ಲ, ಸ್ಪಾರ್ಕ್ ತಡ ಮಾಡ್ಬೇಕಾದ ಹೊತ್ತಲ್ಲೂ ತನ್ನ ಪಾಡಿಗೆ ತಾನು ಬೇಗ ಕೊಡ್ತಿರುತ್ತೆ. ಅದಕ್ಕೇ ಅನುಭವ ಇರೋರು ಗುಜರಿ ಸೇರಿದ ಝಡ್ಎಕ್ಸ್ ಟರ್ಬೋ ಹುಡುಕಿ ಇಂಜಿನ್ನು, ವೈರಿಂಗು, ಕಂಪ್ಯೂಟರ್ ಎಲ್ಲ ಒಟ್ಟಿಗೆ ಎತ್ಕೊಂಡ್ ಬರೋದು. ಇಲ್ಲಾಂದ್ರೆ ಹೊಸ ಪ್ರೋಗ್ರಾಮೆಬಲ್ ಇಸಿಯು (ಇಂಜಿನ್ ಕಂಪ್ಯೂಟರ್) ಹಾಕಿ ಟ್ಯೂನ್ ಮಾಡಿಸ್ಬೇಕು, ನನ್ನ ಕೇಳಿದ್ರೆ ದುಡ್ಡು ಮೊದಲು ಇದಕ್ಕೇ ಹೋಗ್ಲಿ, ದೊಡ್ಡ ಟರ್ಬೋಗಲ್ಲ.

ಆದ್ರೂ ಟರ್ಬೋಗೆ ಸ್ಟ್ರೈಟ್ ಸಿಕ್ಸ್‌ನಷ್ಟು ಹೊಂದೋ ಇಂಜಿನ್ ಕಮ್ಮಿ. ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರ್‌ಗಳಲ್ಲಿ ಬೆಂಕಿ ಹತ್ತೋ ಸರದಿ ನೋಡಿ, 1-5-3-6-2-4. ಮುಂದಿನ ಮೂರರಲ್ಲಿ ಒಂದು, ಹಿಂದಿನ ಮೂರರಲ್ಲಿ ಒಂದು, ಹಿಂಗೇ ಸರದಿ. ಮುಂದಿನ ಮೂರಕ್ಕೊಂದು ಪೈಪು ಹಿಂದಿನ ಮೂರಕ್ಕೊಂದು ಪೈಪು ಮಾಡಿದ್ರೆ ಒಂದೊಂದು ಪೈಪಿನಲ್ಲೂ ಹೊಗೆ ಕ್ರ್ಯಾಂಕ್ 240 ಡಿಗ್ರಿ ತಿರುಗಿದಾಗೊಂದ್ಸಲ ಬರುತ್ತೆ, ಒಂದಕ್ಕೊಂದು ಅಡ್ಡ ಬರಲ್ಲ, ಹೊಗೆನ ಎರಡು ಬೇರೆ ದಾರಿಲಿ ಒಳಗೆ ತಗೊಳ್ಳೋ ಟ್ವಿನ್ ಸ್ಕ್ರೋಲ್ ಟರ್ಬೋಗೆ ಹೇಳಿ ಮಾಡಿಸಿದಂಗೆ.

ಪೆಟ್ರೋಲ್ ವಿಷ್ಯ ಒಂದು ಮಾತು, ಕ್ಯಾಲಿಫೋರ್ನಿಯಾ ಬಂಕಿನ 91 ಆಕ್ಟೇನ್ (ಪೆಟ್ರೋಲ್ ನಾಕಿಂಗ್ ಎಷ್ಟು ತಡೆಯುತ್ತೆ ಅನ್ನೋ ನಂಬರ್), ನಮ್ಮ ಲೆಕ್ಕದ 91 ಒಂದೇ ಅಲ್ಲ. ಅವ್ರು ಅಳೆಯೋ ವಿಧಾನನೇ ಬೇರೆ, ಅವ್ರ 91 ನಮ್ಮ ಲೆಕ್ಕದಲ್ಲಿ 95ರ ಆಸುಪಾಸು. ಅಲ್ಲಿನವ್ರ ಬೂಸ್ಟ್ ನಂಬರ್ ನೋಡ್ಕೊಂಡು ಇಲ್ಲಿ ಹಂಗೇ ಸೆಟ್ ಮಾಡೋಕೆ ಹೋಗ್ಬೇಡಿ. ಕಾನೂನೂ ಅಷ್ಟೆ, ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೇ ಕಾರಿಗೆ ಹೊಗೆ ತಪಾಸಣೆ ಇಲ್ಲ, 76ರಿಂದಾಚೆಗೆ ಇದೆ, ಅದಕ್ಕೇ 75ರ ಝಡ್ ಮೇಲೆ ಎಲ್ಲರ ಕಣ್ಣು. ನಮ್ಮಲ್ಲಿ ವಾಹನ ಮಾರ್ಪಾಡು ಮಾಡೋದಕ್ಕೆ ಕಡಿವಾಣ ಹಾಕೋ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ.

ಇನ್ನು ಆಯಿಲ್. ಟರ್ಬೋ ಶಾಫ್ಟ್ ತೇಲೋದೇ ಇಂಜಿನ್ ಆಯಿಲ್ ಮೇಲೆ. ಜೋರಾಗಿ ಓಡಿಸಿ ತಕ್ಷಣ ಆಫ್ ಮಾಡಿದ್ರೆ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಕಿಟ್ಟ ಕಟ್ಟುತ್ತೆ, ನಮ್ಮ ಬಸ್ ಡ್ರೈವರ್‌ಗಳು ನಿಲ್ಲಿಸಿದ್ಮೇಲೂ ಸ್ವಲ್ಪ ಹೊತ್ತು ಇಂಜಿನ್ ಆನ್ ಇಟ್ಟಿರ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ. ಒಳಗೆ ಬರೋ ಆಯಿಲ್‌ಗೆ ಪಂಪಿನ ಒತ್ತಡ ಇದೆ, ವಾಪಸ್ ಸಂಪಿಗೆ (ಇಂಜಿನ್ ತಳದ ಆಯಿಲ್ ತೊಟ್ಟಿಗೆ) ಹೋಗೋಕೆ ಬರೀ ಇಳಿಜಾರು. ಆ ಪೈಪು ದಪ್ಪಗಿರ್ಬೇಕು, ನೇರ ಕೆಳಗೆ ಹೋಗ್ಬೇಕು, ಸಂಪಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರ್ಬೇಕು. ಸಣ್ಣ ಪೈಪ್ ಹಾಕಿ ಎಲ್ಲೋ ಸೊಟ್ಟ ತಿರುಗಿಸಿದ್ರೆ ಆಯಿಲ್ ಕಟ್ಕೊಂಡು ಸೀಲ್ ದಾಟಿ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರುತ್ತೆ, ಟರ್ಬೋ ಸೀಲ್ ಹೋಯ್ತು ಅಂತ ಜನ ಹೊಸ ಟರ್ಬೋ ತರ್ತಾರೆ, ಅದರಲ್ಲೂ ಹೊಗೆ ಬರುತ್ತೆ.