ಸ್ಲಾಟ್ ಮಷೀನ್: ಕಣ್ಣಿಗೆ ಕಾಣುವ ರೀಲ್, ಒಳಗೆ ನಡೆಯುವ ಲೆಕ್ಕ

ಹಣ ಹಾಕಿ, ಚಿತ್ರಗಳಿರುವ ಉರುಳೆಗಳನ್ನು (ರೀಲ್) ತಿರುಗಿಸಿ, ಚಿತ್ರಗಳು ಹೊಂದಿಕೊಂಡರೆ ಬಹುಮಾನ ಪಡೆಯುವ ಜೂಜಿನ ಆಟ ಸ್ಲಾಟ್. ಅದರ ಬಗ್ಗೆ ಹೊಸಬರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬಹಳ ಹೊತ್ತಿನಿಂದ ಕೊಡದ ಮಷೀನ್ ಇನ್ನೇನು ಕೊಡಲೇಬೇಕು, ಅಲ್ವಾ? ಸರಿಯಾದ ಕ್ಷಣಕ್ಕೆ ಬಟನ್ ಒತ್ತಿದರೆ ಗೆಲ್ಲಬಹುದಾ? 96% ಆರ್‌ಟಿಪಿ (ಬೆಟ್ ಹಣದಲ್ಲಿ ಆಟ ವಾಪಸ್ ಕೊಡುವ ಸರಾಸರಿ ಪಾಲು) ಅಂದರೆ ನೂರು ಹಾಕಿದವನಿಗೆ 96 ವಾಪಸ್ ಬರುತ್ತದಾ? ಮೂರಕ್ಕೂ ಉತ್ತರ ‘ಇಲ್ಲ’. ಆದರೆ ಯಾಕೆ ಇಲ್ಲ ಅನ್ನುವುದನ್ನು ಹೇಳಲು ಒಂದು ಶತಮಾನಕ್ಕಿಂತ ಹಿಂದಕ್ಕೆ ಹೋಗಬೇಕಾಗುತ್ತದೆ. ಹಲ್ಲುಚಕ್ರ, ಸ್ಪ್ರಿಂಗ್ ಇದ್ದ ಕಾಲದಲ್ಲಿ ಹುಟ್ಟಿದ ನಂಬಿಕೆಗಳು ಇವತ್ತಿನ ಕಂಪ್ಯೂಟರ್ ಆಟಕ್ಕೂ ಅಂಟಿಕೊಂಡೇ ಬಂದಿವೆ. ಮಷೀನ್ ಬದಲಾಯಿತು, ಅದರ ಮುಖ ಮಾತ್ರ ಹಾಗೇ ಉಳಿಯಿತು.

ಶುರುವಾಗಿದ್ದು ಇಸ್ಪೀಟಿನಿಂದ. 1891ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಸಿಟ್‌ಮನ್ ಅಂಡ್ ಪಿಟ್ ಎಂಬ ಕಂಪನಿ ಐದು ಉರುಳೆಗಳ ಯಂತ್ರವೊಂದನ್ನು ಮಾಡಿತು. ಉರುಳೆಗಳ ಮೇಲೆ 50 ಎಲೆಗಳ ಚಿತ್ರ. ಇಸ್ಪೀಟಿನಲ್ಲಿ 52 ಎಲೆ ಇರುತ್ತವೆ. ಎರಡನ್ನು ಬಿಟ್ಟಿದ್ದರಿಂದ ದೊಡ್ಡ ಜೋಡಣೆ ಬೀಳುವ ಸಾಧ್ಯತೆ ಕಡಿಮೆಯಾಗುತ್ತಿತ್ತು. ಯಂತ್ರ ತಾನಾಗಿ ಹಣ ಕೊಡುತ್ತಿರಲಿಲ್ಲ. ಗೆದ್ದವರಿಗೆ ಬಾರಿನವರು ಬಿಯರೋ ಸಿಗಾರೋ ಕೊಡುತ್ತಿದ್ದರು. ಅದೇ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಜರ್ಮನಿಯ ಬವೇರಿಯಾದಿಂದ ಬಂದಿದ್ದ ಚಾರ್ಲ್ಸ್ ಫೇ ಎಂಬ ಮೆಕ್ಯಾನಿಕ್ ಅದನ್ನು ಸರಳ ಮಾಡಿದ. ಐದರ ಬದಲು ಮೂರು ರೀಲ್, ಇಸ್ಪೀಟಿನ ಬದಲು ಐದೇ ಚಿಹ್ನೆ: ಕುದುರೆ ಲಾಳ, ಡೈಮಂಡ್, ಸ್ಪೇಡ್, ಹಾರ್ಟ್, ಗಂಟೆ. ಚಿಹ್ನೆ ಕಡಿಮೆಯಾದ್ದರಿಂದ ಗೆದ್ದದ್ದು ಯಾವುದು ಅಂತ ಯಂತ್ರವೇ ಗುರುತಿಸಿ, ತಾನೇ ನಾಣ್ಯ ಉದುರಿಸಬಹುದಾಯಿತು. ಈ ಲಿಬರ್ಟಿ ಬೆಲ್ ಎಲ್ಲ ಸ್ಲಾಟ್ ಮಷೀನ್‌ಗಳ ತಾಯಿ.

ಆಮೇಲಿನ ಅರ್ಧ ಶತಮಾನವನ್ನು ಬೇಗ ದಾಟಬಹುದು. ಚಿಕಾಗೋದ ಮಿಲ್ಸ್ ಕಂಪನಿಯ ಯಂತ್ರಗಳಿಂದ ಹಣ್ಣಿನ ಚಿತ್ರಗಳು ಜನಪ್ರಿಯವಾದವು. ಇವತ್ತಿಗೂ ಚೆರ್ರಿ, ನಿಂಬೆ ಕಾಣುವುದು ಅದೇ ಪರಂಪರೆಯಿಂದ. ಎಷ್ಟೋ ಊರುಗಳು ಈ ಯಂತ್ರಗಳನ್ನು ನಿಷೇಧಿಸಿದವು. 1931ರಲ್ಲಿ ಅಮೆರಿಕದ ನೆವಾಡಾ ರಾಜ್ಯ ಜೂಜಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು. 1956ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ತನ್ನ ಕ್ಲಬ್‌ಗಳಿಗೆ ಯಂತ್ರ ಇಡಲು ಬಿಟ್ಟಿತು. 1960ರ ದಶಕದ ಆರಂಭದಲ್ಲಿ ಬಾಲಿ ಕಂಪನಿಯ ‘ಮನಿ ಹನಿ’ ಬಂತು. ವಿದ್ಯುತ್ತಿನಿಂದ ನಡೆಯುವ ಈ ಯಂತ್ರ, ಯಾರ ಸಹಾಯವೂ ಇಲ್ಲದೆ 500 ನಾಣ್ಯದವರೆಗೆ ಕೊಡಬಲ್ಲದಾಗಿತ್ತು. ರೀಲ್ ತಿರುಗಿಸಲು ಕೈಯಿಂದ ಎಳೆಯುವ ಹಿಡಿ ಆಗಲೇ ಅಗತ್ಯವಿರಲಿಲ್ಲ. ಆದರೂ ಇಟ್ಟರು, ಜನರಿಗೆ ಅದು ಬೇಕಿತ್ತು.

ಇಲ್ಲಿಯವರೆಗೆ ಒಂದು ವಿಷಯ ಬದಲಾಗಿರಲಿಲ್ಲ. ಫಲಿತಾಂಶವನ್ನು ನಿರ್ಧರಿಸುತ್ತಿದ್ದದ್ದು ಕಣ್ಣೆದುರು ತಿರುಗುತ್ತಿದ್ದ ರೀಲೇ. ರೀಲ್ ಮೇಲೆ 22 ಜಾಗ ಇದ್ದರೆ, ಒಂದೊಂದು ಜಾಗದಲ್ಲಿ ನಿಲ್ಲುವ ಸಾಧ್ಯತೆ 22ರಲ್ಲಿ 1. ಮೂರು ರೀಲ್ ಇದ್ದರೆ 22ನ್ನು ಮೂರು ಸಲ ಗುಣಿಸಬೇಕು: 10,648 ಜೋಡಣೆ. ಅಂದರೆ ಅತಿ ಅಪರೂಪದ ಜಾಕ್‌ಪಾಟ್ ಕೂಡ ಸರಾಸರಿ 10,648 ಸ್ಪಿನ್‌ಗೆ ಒಮ್ಮೆ ಬೀಳುತ್ತದೆ. ತಾಳ್ಮೆ ಇದ್ದವನು ರೀಲ್‌ಗಳನ್ನು ನೋಡುತ್ತಾ ಕೂತು, ಚಿಹ್ನೆಗಳನ್ನು ಎಣಿಸಿ ಈ ಲೆಕ್ಕ ತಾನೇ ಹಾಕಬಹುದಿತ್ತು. ಆಟ ಅದನ್ನು ನಡೆಸುವವರ ಪರವಾಗಿಯೇ ಇತ್ತು ನಿಜ, ಆದರೆ ಎಷ್ಟು ಪರವಾಗಿದೆ ಅನ್ನುವುದು ಎದುರಿಗೇ ಇತ್ತು.

ಈ ಲೆಕ್ಕ ಕ್ಯಾಸಿನೋಗಳಿಗೂ ಒಂದು ಕಟ್ಟು ಹಾಕಿತ್ತು. ಹತ್ತು ಸಾವಿರ ಸ್ಪಿನ್‌ಗೊಮ್ಮೆ ಬೀಳುವ ಜಾಕ್‌ಪಾಟ್‌ಗೆ ಲಕ್ಷ ಪಟ್ಟು ಕೊಡಲಾಗುವುದಿಲ್ಲ. ದೊಡ್ಡ ಬಹುಮಾನ ಬೇಕಿದ್ದರೆ ಅದು ಇನ್ನೂ ಅಪರೂಪವಾಗಬೇಕು. ಅದಕ್ಕೆ ರೀಲ್ ದೊಡ್ಡದಾಗಬೇಕು, ಇಲ್ಲವೇ ರೀಲ್‌ಗಳ ಸಂಖ್ಯೆ ಹೆಚ್ಚಾಗಬೇಕು. ಎರಡನ್ನೂ ಮಾಡಿ ನೋಡಿದ್ದರು. ನಾಲ್ಕೈದು ರೀಲ್ ಇರುವ ಯಂತ್ರದಲ್ಲಿ ಗೆಲ್ಲುವುದು ಕಷ್ಟ ಅಂತ ಆಟಗಾರರಿಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ಬಿಕ್ಕಟ್ಟು ಬಿಡಿಸಿದ್ದು 1984ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಒಂದು ಉಪಾಯ. ಕಂಡುಹಿಡಿದವನು ನಾರ್ವೆ ಮೂಲದ ಇಂಗೆ ಟೆಲ್ನೇಸ್. ಸ್ಲಾಟ್ ಅರ್ಥವಾಗಬೇಕಾದರೆ ಇದೊಂದನ್ನು ಹಿಡಿದರೆ ಸಾಕು, ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಯಾವ ಚಿಹ್ನೆ ಬರಬೇಕು ಅನ್ನುವುದನ್ನು ರೀಲ್ ನಿರ್ಧರಿಸುವುದು ಬೇಡ, ಚಿಪ್ ನಿರ್ಧರಿಸಲಿ. ಚಿಪ್‌ನಲ್ಲಿ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಪ್ರೋಗ್ರಾಂ ಇರಲಿ. ಅದನ್ನೇ ಈಗ ಆರ್‌ಎನ್‌ಜಿ ಅನ್ನುತ್ತಾರೆ. ಮೊದಲು ಸಂಖ್ಯೆ ಹುಟ್ಟುತ್ತದೆ, ಆಮೇಲೆ ಮೋಟಾರು ರೀಲನ್ನು ಆ ಸಂಖ್ಯೆ ಹೇಳಿದ ಜಾಗಕ್ಕೆ ತಂದು ನಿಲ್ಲಿಸುತ್ತದೆ. ರೀಲ್ ತಿರುಗುವ ಹೊತ್ತಿಗೆ ಫಲಿತಾಂಶ ಆಗಲೇ ಮುಗಿದಿರುತ್ತದೆ.

ಇದರಿಂದ ಸಿಕ್ಕ ಅನುಕೂಲ ದೊಡ್ಡದು. ಕಣ್ಣಿಗೆ ಕಾಣುವ ರೀಲ್‌ನಲ್ಲಿ 22 ಜಾಗ ಇದ್ದರೂ ಚಿಪ್‌ನೊಳಗಿನ ಪಟ್ಟಿಯಲ್ಲಿ 64 ಸಂಖ್ಯೆ ಇರಬಹುದು. ಆ 64ನ್ನು 22 ಜಾಗಗಳಿಗೆ ಹಂಚುವಾಗ ಸಮನಾಗಿ ಹಂಚಬೇಕಿಲ್ಲ. ಜಾಕ್‌ಪಾಟ್ ಚಿಹ್ನೆಗೆ ಒಂದೇ ಸಂಖ್ಯೆ, ಚಿಹ್ನೆಯಿಲ್ಲದ ಕೆಲವು ಖಾಲಿ ಜಾಗಗಳಿಗೆ ಐದಾರು. ಈಗ ಜಾಕ್‌ಪಾಟ್ ಸಾಧ್ಯತೆ 64ನ್ನು ಮೂರು ಸಲ ಗುಣಿಸಿದಷ್ಟು: 2,62,144ರಲ್ಲಿ 1. ರೀಲ್ ನೋಡಿದವನಿಗೆ ಅನ್ನಿಸುವುದಕ್ಕಿಂತ ಹತ್ತಿರಹತ್ತಿರ 25 ಪಟ್ಟು ಕಷ್ಟ. ಕಾನೂನಿನ ಮಿತಿಯೊಳಗೆ, ನಿಜಕ್ಕಿಂತ ಜಾಸ್ತಿ ಗೆಲ್ಲಬಹುದು ಅನ್ನಿಸುವಂಥ ಯಂತ್ರ ಮಾಡುವುದು ಮುಖ್ಯ ಅಂತ ಆ ಪೇಟೆಂಟ್ ಪತ್ರವೇ ಹೇಳುತ್ತದೆ. ಅಂದರೆ ಇದು ಅಕಸ್ಮಾತ್ ಆದದ್ದಲ್ಲ, ಬಯಸಿ ಮಾಡಿದ್ದು.

ಇನ್ನೂ ಒಂದು ಪರಿಣಾಮ ಇತ್ತು. ಜಾಕ್‌ಪಾಟ್ ಚಿಹ್ನೆಯ ಮೇಲಿನ ಮತ್ತು ಕೆಳಗಿನ ಖಾಲಿ ಜಾಗಗಳಿಗೆ ತಲಾ 6 ಸಂಖ್ಯೆ ಕೊಟ್ಟರು ಅಂತಿಟ್ಟುಕೊಳ್ಳಿ. ಆಗ ಚಿಹ್ನೆ ಗೆರೆಯ (ಗೆಲುವು ಲೆಕ್ಕವಾಗುವ ಸಾಲು) ಮೇಲೆ ನಿಲ್ಲುವುದು 64ರಲ್ಲಿ 1 ಸಲ, ಗೆರೆಗೆ ಒಂದೇ ಹೆಜ್ಜೆ ದೂರದಲ್ಲಿ ನಿಲ್ಲುವುದು 64ರಲ್ಲಿ 12 ಸಲ. ಸಮನಾಗಿ ಹಂಚಿದ್ದರೆ, ಒಮ್ಮೆ ಗೆರೆಯ ಮೇಲೆ ನಿಂತರೆ ಎರಡು ಸಲ ಪಕ್ಕದಲ್ಲಿ ನಿಲ್ಲಬೇಕಿತ್ತು. ಇಲ್ಲಿ ಹನ್ನೆರಡು ಸಲ ನಿಲ್ಲುತ್ತದೆ. ‘ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು’ ಅನ್ನುವ ಅನುಭವ ಮತ್ತೆ ಮತ್ತೆ ಆಗುತ್ತದೆ. ಹೀಗೆ ತಪ್ಪಿದ್ದು ಕೂಡ ಸೋಲೇ. ಬೇರೆ ಸೋಲಿಗೂ ಅದಕ್ಕೂ ಹಣದ ಲೆಕ್ಕದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಆದರೆ 2009ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಗೆದ್ದಾಗ ಚುರುಕಾಗುವ ಕೆಲವು ಭಾಗಗಳು ಸ್ವಲ್ಪದರಲ್ಲಿ ತಪ್ಪಿದಾಗಲೂ ಚುರುಕಾಗುತ್ತಿದ್ದವು. ಆಟ ಮುಂದುವರಿಸುವ ಆಸೆಯೂ ಹೆಚ್ಚುತ್ತಿತ್ತು.

ನೆವಾಡಾದ ನಿಯಂತ್ರಕರ ಮುಂದೆ ಈ ಪ್ರಶ್ನೆ 1980ರ ದಶಕದ ಕೊನೆಯಲ್ಲೇ ಬಂದಿತ್ತು. ಕೆಲವು ಯಂತ್ರಗಳಲ್ಲಿ, ಸೋಲು ಅಂತ ತೀರ್ಮಾನವಾದ ಮೇಲೆ ಇನ್ನೊಂದು ಪ್ರೋಗ್ರಾಂ ಬಂದು ‘ಸ್ವಲ್ಪದರಲ್ಲಿ ತಪ್ಪಿದಂತೆ’ ಕಾಣುವ ಚಿತ್ರವನ್ನು ಹುಡುಕಿ ತೋರಿಸುತ್ತಿತ್ತು. ವಿಚಾರಣೆ ನಡೆಯಿತು, ಅದು ಆಗಬಾರದು ಅಂತ ತೀರ್ಮಾನವಾಯಿತು. ಆದರೆ ಸಂಖ್ಯೆಗಳನ್ನು ಮೊದಲೇ ಅಸಮವಾಗಿ ಹಂಚಿ ಅದೇ ಪರಿಣಾಮ ತರುವುದಕ್ಕೆ ಅಡ್ಡಿಯಾಗಲಿಲ್ಲ. ಒಂದು ಬಾಗಿಲು ಮುಚ್ಚಿ ಪಕ್ಕದ್ದನ್ನು ತೆರೆದಿಟ್ಟ ಈ ತೀರ್ಮಾನದ ನೆರಳು ಮುಂದಿನ ಎಲ್ಲ ವಾದಗಳ ಮೇಲೂ ಬಿದ್ದಿದೆ.

ಮೊದಲಿನ ನಂಬಿಕೆಗಳಿಗೆ ಉತ್ತರವೂ ಇಲ್ಲೇ ಇದೆ. ಆರ್‌ಎನ್‌ಜಿ ಯಾರೂ ಆಡದಿದ್ದಾಗಲೂ ಸಂಖ್ಯೆ ಹುಟ್ಟಿಸುತ್ತಲೇ ಇರುತ್ತದೆ. ನೀವು ಬಟನ್ ಒತ್ತಿದ ಆ ಕ್ಷಣದ ಸಂಖ್ಯೆ ನಿಮ್ಮ ಪಾಲಿಗೆ. ಕಣ್ಣು ರೆಪ್ಪೆ ಮಿಟುಕಿಸುವಷ್ಟರಲ್ಲಿ ನೂರಾರು ಸಂಖ್ಯೆ ಹಾದುಹೋಗಿರುತ್ತವೆ, ಹಾಗಾಗಿ ಗುರಿಯಿಟ್ಟು ಒತ್ತಲು ಸಾಧ್ಯವಿಲ್ಲ. ನೀವು ಎದ್ದುಹೋದ ಮೇಲೆ ಬಂದವರು ಗೆದ್ದರೆ, ಅಲ್ಲೇ ಕೂತಿದ್ದರೆ ಅದು ನಿಮಗೇ ಬರುತ್ತಿತ್ತು ಅಂತ ಹೇಳಲಾಗದು. ನೀವು ಒತ್ತುವ ಕ್ಷಣ ಬೇರೆಯೇ ಆಗಿರುತ್ತಿತ್ತು. ಹಿಂದಿನ ಸ್ಪಿನ್ ಏನಾಯಿತು ಅನ್ನುವ ನೆನಪೂ ಅದಕ್ಕಿಲ್ಲ. ನಾಣ್ಯ ಚಿಮ್ಮಿದಾಗ ಹತ್ತು ಸಲ ಹೆಡ್ ಬಿದ್ದರೂ ಹನ್ನೊಂದನೆಯದಕ್ಕೆ ಸಾಧ್ಯತೆ ಅಷ್ಟೇ ಇರುತ್ತದಲ್ಲ, ಹಾಗೆ.

ಚಿಪ್ ಬಂದ ಮೇಲೆ ಜಾಕ್‌ಪಾಟ್‌ಗೆ ಮಿತಿ ಉಳಿಯಲಿಲ್ಲ. 1986ರಲ್ಲಿ ನೆವಾಡಾದಲ್ಲಿ ಬೇರೆ ಬೇರೆ ಕ್ಯಾಸಿನೋಗಳ ಯಂತ್ರಗಳನ್ನು ಜೋಡಿಸಿದ ‘ಮೆಗಾಬಕ್ಸ್’ ಶುರುವಾಯಿತು. ಪ್ರತಿ ಬೆಟ್‌ನ ಒಂದು ಪಾಲು ಸಾಮೂಹಿಕ ಜಾಕ್‌ಪಾಟ್‌ಗೆ ಸೇರುತ್ತದೆ. 2003ರಲ್ಲಿ ಲಾಸ್ ವೇಗಸ್‌ನಲ್ಲಿ ಒಬ್ಬರಿಗೆ 3.97 ಕೋಟಿ ಡಾಲರ್ ಬಿತ್ತು. ಅದು ಬೀಳುವ ಸಾಧ್ಯತೆ ಸುಮಾರು 5 ಕೋಟಿಗೆ 1. ಸುದ್ದಿಯಾಗುವುದು ಮೊದಲನೆಯ ಅಂಕಿ, ಎರಡನೆಯದು ಯಾರ ಕಿವಿಗೂ ಬೀಳುವುದಿಲ್ಲ.

1990ರ ದಶಕದಲ್ಲಿ ರೀಲ್ ಪರದೆಯೊಳಗೆ ಹೋಯಿತು. ವಿಡಿಯೊ ಸ್ಲಾಟ್ 1976ರಲ್ಲೇ ಬಂದಿತ್ತು, ಆದರೆ ಜನ ಒಪ್ಪಲು ಸಮಯ ಹಿಡಿಯಿತು. ಪರದೆಯ ಮೇಲೆ ಒಂದು ಗೆರೆಯ ಬದಲು 9, 20, 50 ಪೇಲೈನ್, ಅಂದರೆ ಗೆಲುವಿನ ಗೆರೆ, ಇಡಬಹುದು. ಬೋನಸ್ ಆಟ, ವೈಲ್ಡ್ (ಬೇರೆ ಚಿಹ್ನೆಯ ಬದಲಿಗೆ ನಿಲ್ಲುವ ಚಿಹ್ನೆ), ಸ್ಕ್ಯಾಟರ್ (ಗೆರೆಯ ಮೇಲೆ ಇಲ್ಲದಿದ್ದರೂ ಲೆಕ್ಕಕ್ಕೆ ಬರುವ ಚಿಹ್ನೆ) ಎಲ್ಲ ಸೇರಿಕೊಂಡವು. ಮೆಗಾವೇಸ್ ಮಾದರಿಯ ಆಟಗಳಲ್ಲಿ ಗೆಲ್ಲುವ ದಾರಿಗಳು 1,17,649ರವರೆಗೆ ಹೋಗುತ್ತವೆ: ಆರು ರೀಲ್, ಒಂದೊಂದರಲ್ಲಿ ಏಳು ಚಿಹ್ನೆ. ದಾರಿ ಜಾಸ್ತಿ ಅಂದರೆ ಲಾಭ ಜಾಸ್ತಿ ಅಂತಲ್ಲ. ದಾರಿ ಹೆಚ್ಚಿದಷ್ಟೂ ಒಂದೊಂದರ ಬಹುಮಾನ ಸಣ್ಣದಾಗುತ್ತದೆ.

ಗೆರೆಗಳು ಹೆಚ್ಚಿದಾಗ ಹೊಸ ಗೊಂದಲವೂ ಹುಟ್ಟಿತು. 20 ಗೆರೆಗೆ ತಲಾ ಒಂದು ನಾಣ್ಯದಂತೆ 20 ಹಾಕಿದಿರಿ. ಒಂದು ಗೆರೆಯಲ್ಲಿ 5 ಬಂತು. ದೀಪ ಮಿನುಗುತ್ತದೆ, ಸಂಗೀತ ಬರುತ್ತದೆ. ಕಳೆದುಕೊಂಡದ್ದು 15. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು 2010ರಲ್ಲಿ ಇದನ್ನು ಪರೀಕ್ಷಿಸಿದರು. ಇಂಥ ಸೋಲಿಗೆ ಹೊಸ ಆಟಗಾರರ ಮೈ ನಿಜವಾದ ಗೆಲುವಿಗೆ ಸ್ಪಂದಿಸಿದಂತೆಯೇ ಸ್ಪಂದಿಸುತ್ತಿತ್ತು. ಗಂಟೆಗಟ್ಟಲೆ ಆಡಿದವರು ‘ಆಗಾಗ ಗೆಲ್ಲುತ್ತಿದ್ದೆ’ ಅನ್ನುವುದು ಸುಳ್ಳಲ್ಲ. ಅವರಿಗೆ ಹಾಗೆ ಅನ್ನಿಸುವಂತೆಯೇ ಆಟವನ್ನು ಕಟ್ಟಿದ್ದಾರೆ.

ಇನ್ನು ಆರ್‌ಟಿಪಿ. ಲಕ್ಷಾಂತರ ಸ್ಪಿನ್‌ಗಳಲ್ಲಿ, ಎಲ್ಲರೂ ಸೇರಿ ಹಾಕಿದ ಬೆಟ್‌ನಲ್ಲಿ ಎಷ್ಟು ಪಾಲು ಬಹುಮಾನವಾಗಿ ಹೊರಬರುತ್ತದೆ ಅನ್ನುವ ಸರಾಸರಿ ಅದು. ನೆವಾಡಾದಲ್ಲಿ ಕಾನೂನು ಕೇಳುವ ಕನಿಷ್ಠ 75%. ಆನ್‌ಲೈನ್ ಆಟಗಳಲ್ಲಿ 95-96% ಸಾಮಾನ್ಯ. ಕೇಳಲು ಉದಾರವಾಗಿದೆ. ಆದರೆ ಲೆಕ್ಕ ಹಾಕುವುದು ನೀವು ತಂದ ಹಣದ ಮೇಲಲ್ಲ, ಹಾಕಿದ ಒಟ್ಟು ಬೆಟ್ ಮೇಲೆ. 100 ನಾಣ್ಯ ತಂದು, ಸಿಕ್ಕಿದ್ದನ್ನು ಮತ್ತೆ ಮತ್ತೆ ಹಾಕುತ್ತಾ ಹೋದರೆ 95% ಆಟದಲ್ಲಿ ಮೊದಲ ಸುತ್ತಿಗೆ ಸರಾಸರಿ 95 ಉಳಿಯುತ್ತದೆ, ಎರಡನೆಯದಕ್ಕೆ ಸುಮಾರು 90. ಹದಿನಾಲ್ಕು ಸುತ್ತು ಮುಗಿಯುವ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ. ಹಾಗಾಗಿ ವೇಗವೇ ದೊಡ್ಡ ಖರ್ಚು. ಅದೇ 95% ಆಟದಲ್ಲಿ ಗಂಟೆಗೆ 600 ಸ್ಪಿನ್, ಸ್ಪಿನ್‌ಗೆ ಒಂದು ನಾಣ್ಯ ಅಂದರೆ ಸರಾಸರಿ 30 ನಾಣ್ಯ ಹೋಗುತ್ತದೆ. ವೇಗ ದುಪ್ಪಟ್ಟಾದರೆ ನಷ್ಟವೂ ದುಪ್ಪಟ್ಟು.

ಇದರ ಜೊತೆಗೆ ವೊಲಾಟಿಲಿಟಿ, ಅಂದರೆ ಬಹುಮಾನಗಳ ಏರಿಳಿತ, ನೋಡಬೇಕು. ಒಂದೇ ಆರ್‌ಟಿಪಿಯ ಎರಡು ಆಟಗಳಲ್ಲಿ ಒಂದು ಸಣ್ಣ ಮೊತ್ತವನ್ನು ಆಗಾಗ ಕೊಡಬಹುದು, ಇನ್ನೊಂದು ದೀರ್ಘಕಾಲ ಏನೂ ಕೊಡದೆ ಅಪರೂಪಕ್ಕೆ ದೊಡ್ಡದು ಕೊಡಬಹುದು. ಎರಡನೆಯದರಲ್ಲಿ ಆ ದೊಡ್ಡದು ಬರುವ ಮೊದಲೇ ಬಹುತೇಕರ ಹಣ ಮುಗಿದಿರುತ್ತದೆ.

ಕಳೆದ ಎರಡು ದಶಕಗಳಲ್ಲಿ ಕೆಲವು ದೇಶಗಳು ಯಂತ್ರದ ವಿನ್ಯಾಸಕ್ಕೇ ಕೈ ಹಾಕಿವೆ. ನಾರ್ವೆ 2007ರಲ್ಲಿ ಎಲ್ಲ ಸ್ಲಾಟ್ ಯಂತ್ರಗಳನ್ನು ತೆಗೆಸಿತು. ಆಮೇಲೆ ಬಂದ ಸರ್ಕಾರಿ ಯಂತ್ರಗಳಲ್ಲಿ ಆಡಲು ಆಟಗಾರನ ಕಾರ್ಡ್ ಕಡ್ಡಾಯ, ಕಳೆದುಕೊಳ್ಳುವ ಹಣಕ್ಕೆ ಮಿತಿ ಇದೆ. ಬ್ರಿಟನ್ 2021ರಲ್ಲಿ ಆನ್‌ಲೈನ್ ಸ್ಲಾಟ್‌ನ ಒಂದೊಂದು ಸ್ಪಿನ್‌ಗೆ ಕನಿಷ್ಠ 2.5 ಸೆಕೆಂಡ್ ಇರಬೇಕು ಅಂದಿತು. ಪ್ರತಿ ಸಲ ಬಟನ್ ಒತ್ತದೆಯೇ ಸ್ಪಿನ್ ತಾನಾಗಿ ನಡೆಯುವ ಆಟೊಪ್ಲೇ ನಿಂತಿತು. ಹಾಕಿದ್ದಕ್ಕಿಂತ ಕಡಿಮೆ ಬಂದಾಗ ಗೆದ್ದಂತೆ ಸಂಭ್ರಮ ತೋರಿಸುವುದೂ ನಿಂತಿತು. 2025ರಲ್ಲಿ ಒಂದು ಸ್ಪಿನ್‌ಗೆ 5 ಪೌಂಡ್, 18ರಿಂದ 24 ವಯಸ್ಸಿನವರಿಗೆ 2 ಪೌಂಡ್ ಮಿತಿ ಬಂತು. ಮನುಷ್ಯರಿಗೆ ‘ಹಿಡಿತದಲ್ಲಿ ಆಡಿ’ ಅಂತ ಹೇಳುವುದರ ಜೊತೆಗೆ ಯಂತ್ರಕ್ಕೂ ಹಿಡಿತ ಹಾಕಬಹುದು ಅಂತ ಇವು ತೋರಿಸಿವೆ.

ಬಗೆಹರಿಯದೆ ಉಳಿದಿರುವುದು ಮಾಹಿತಿಯ ಪ್ರಶ್ನೆ. ನೋಡಲು ಒಂದೇ ಥರ ಇರುವ ಆಟಕ್ಕೆ ಬೇರೆ ಬೇರೆ ಆರ್‌ಟಿಪಿ ಆವೃತ್ತಿಗಳಿರುತ್ತವೆ. ಯಾವುದನ್ನು ಹಾಕಬೇಕು ಅನ್ನುವುದನ್ನು ಆಟ ನಡೆಸುವವರು ಆರಿಸುತ್ತಾರೆ. ಸಂಖ್ಯೆಗಳನ್ನು ಹೇಗೆ ಹಂಚಲಾಗಿದೆ ಅನ್ನುವ ಪಟ್ಟಿಗೆ ‘ಪಾರ್ ಶೀಟ್’ ಅಂತ ಹೆಸರು. ಅದು ತಯಾರಕರು, ಕ್ಯಾಸಿನೋ ಮತ್ತು ನಿಯಂತ್ರಕರ ಬಳಿ ಇರುತ್ತದೆ, ಆಟಗಾರನಿಗೆ ಸಿಗುವುದಿಲ್ಲ. ವಾಟರ್‌ಲೂ ಸಂಶೋಧಕರು ಕೆಲವನ್ನು ಮಾಹಿತಿ ಹಕ್ಕಿನ ಕಾನೂನಿನಡಿ ಅರ್ಜಿ ಹಾಕಿ ಪಡೆಯಬೇಕಾಯಿತು. ಆರ್‌ಟಿಪಿ ತೋರಿಸುವ ಕಡೆಯೂ ಹೇಗೆ ತೋರಿಸಬೇಕು ಅನ್ನುವ ಚರ್ಚೆ ನಡೆದಿದೆ. ‘ಈ ಆಟ ಸರಾಸರಿ 90% ವಾಪಸ್ ಕೊಡುತ್ತದೆ’ ಅನ್ನುವುದಕ್ಕಿಂತ ‘ಹಾಕಿದ ಒಟ್ಟು ಹಣದಲ್ಲಿ ಸರಾಸರಿ 10% ಈ ಆಟ ಇಟ್ಟುಕೊಳ್ಳುತ್ತದೆ’ ಅಂತ ಬರೆದಾಗ ಜನರಿಗೆ ಹೆಚ್ಚು ಸರಿಯಾಗಿ ಅರ್ಥವಾಗುತ್ತದೆ ಅಂತ ಬ್ರಿಟನ್ನಿನ ಅಧ್ಯಯನ ಕಂಡುಕೊಂಡಿದೆ. ಅಂಕಿ ಅದೇ. ಆ ಎರಡನೆಯ ವಾಕ್ಯ ಆಟದ ಮೊದಲ ಪರದೆಯಲ್ಲೇ, ದೊಡ್ಡ ಅಕ್ಷರದಲ್ಲಿ ಇರಬೇಕು.